ಮದರಂಗಿ ಮತ್ತು ಇಂಡಿಗೋ ಪುಡಿ: ಒಂದು ಉಳಿಯುತ್ತದೆ, ಇನ್ನೊಂದು ಇಳಿಯುತ್ತದೆ

ನರೆಗೂದಲಿಗೆ ಮೊದಲು ಮದರಂಗಿ, ಅದನ್ನು ತೊಳೆದ ಮೇಲೆ ಕಪ್ಪು ಬರಲು ಇಂಡಿಗೋ, ಅಂದರೆ ನೀಲಿ ಗಿಡದ ಎಲೆಯ ಪುಡಿ. ಹಲವು ವರ್ಷಗಳಿಂದ ನನ್ನದು ಇದೇ ಕ್ರಮ. ಈ ಪುಡಿಗಳನ್ನು ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಹಚ್ಚಿದ ಮರುದಿನವೇ ತೀರ್ಪು ಕೊಟ್ಟುಬಿಡುತ್ತಾರೆ. ನಾಲ್ಕೈದು ಸಲ ತಲೆಗೆ ಸ್ನಾನವಾದ ಮೇಲೆ ಕೂದಲಿನಲ್ಲಿ ಏನು ಉಳಿದಿದೆ ಎಂದು ನೋಡದೆ ಯಾವ ಪುಡಿಗೂ ಅಂಕ ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಮದರಂಗಿಯದು ಬಿಗಿ ಹಿಡಿತ. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನೊಂದಿಗೇ ಬೆಸೆದುಕೊಳ್ಳುತ್ತದೆ. ತೊಳೆದ ದಿನ ಬಿಳಿ ಕೂದಲು ಕಣ್ಣು ಕುಕ್ಕುವ ಕಿತ್ತಳೆಯಾಗಿ ಕಂಡರೂ ಗಾಳಿ ತಾಗುತ್ತಾ ಎರಡು ಮೂರು ದಿನಗಳಲ್ಲಿ ಕೆಂಗಂದಿಗೆ ತಿರುಗುತ್ತದೆ. ಆಮೇಲೆ ಶಾಂಪೂವಿಗೆ ಸುಲಭವಾಗಿ ಜಗ್ಗುವುದಿಲ್ಲ. ಮತ್ತೆ ಮತ್ತೆ ಹಚ್ಚಿದರೆ ಬಣ್ಣ ಗಾಢವಾಗುತ್ತಲೇ ಹೋಗುತ್ತದೆ.

ಇಂಡಿಗೋ ಹಾಗಲ್ಲ. ಬೆಚ್ಚಗಿನ ನೀರಿನಲ್ಲಿ ಕಲಸಿಟ್ಟ ಹತ್ತು ಹದಿನೈದು ನಿಮಿಷಗಳಲ್ಲಿ ಹಸಿರು ಲೇಪದ ಮೇಲೆ ಕಡುನೀಲಿ ಪೊರೆ ಕಟ್ಟುತ್ತದೆ. ಚಮಚದಿಂದ ಸರಿಸಿದರೆ ಅಡಿಯಲ್ಲಿ ಇನ್ನೂ ಹಸಿರು. ಹಚ್ಚಬೇಕಾದ ಹೊತ್ತು ಅದೇ. ತಡಮಾಡಿದರೆ ಬಣ್ಣ ಬಟ್ಟಲಿನಲ್ಲೇ ನೀರಿನಲ್ಲಿ ಕರಗದ ನೀಲಿಯಾಗಿಬಿಡುತ್ತದೆ, ಕೂದಲಿನ ಒಳಗೆ ಇಳಿಯುವುದಿಲ್ಲ. ಸರಿಯಾಗಿ ಇಳಿದ ನೀಲಿಯೂ ಮದರಂಗಿಯಂತೆ ಕೆರಾಟಿನ್‌ಗೆ ಬೆಸೆದುಕೊಳ್ಳದೆ ಕೂದಲಿನಲ್ಲಿ ಸಿಕ್ಕಿಕೊಂಡಿರುತ್ತದೆ, ಅಷ್ಟೆ. ಹಾಗಾಗಿ ಮೊದಲ ಕೆಲವು ಸ್ನಾನಗಳಲ್ಲಿ ನೀರು ನೀಲಿಯಾಗಿಯೇ ಹರಿಯುತ್ತದೆ, ಬಿಳಿ ಟವೆಲ್ ಮತ್ತು ದಿಂಬಿನ ಹೊದಿಕೆಗೂ ಕಲೆ ಹತ್ತುತ್ತದೆ. ಹೀಗೆ ನೀಲಿ ತೊಳೆದುಹೋಗುತ್ತಾ ಬಂದಂತೆ ಅಡಿಯ ಮದರಂಗಿ ಹೊರಗೆ ಇಣುಕುತ್ತದೆ. ನನಗೆ ಇದು ಮೊದಲು ಕಾಣುವುದು ಕಿವಿಯ ಮುಂದಿನ ಸಣ್ಣ ಕೂದಲಿನಲ್ಲಿ: ಮನೆಯೊಳಗೆ ಕಪ್ಪೇ, ಬಿಸಿಲಿಗೆ ಬಂದರೆ ತಾಮ್ರದ ಎಳೆಗಳು. ನನಗದು ಇಷ್ಟ. ವಾರವಾರವೂ ಒಂದೇ ಕಪ್ಪು ಬೇಕೆನ್ನುವವರಿಗೆ ಈ ಜೋಡಿ ಹೊಂದುವುದಿಲ್ಲ.

ಬಣ್ಣ ಬಾಳಿಕೆ ಬರಲು ನನ್ನ ಅನುಭವದಲ್ಲಿ ನೆರವಾದದ್ದು ಕೆಲವೇ ಸಂಗತಿಗಳು. ಇಂಡಿಗೋ ಹಚ್ಚಿದ ದಿನ ಬರೀ ನೀರಿನಲ್ಲಿ ತೊಳೆದು, ಎರಡು ದಿನ ಶಾಂಪೂ ಮುಟ್ಟದಿರುವುದು. ಆಮೇಲೆ ಕಡಿಮೆ ನೊರೆಯ ಸೌಮ್ಯ ಶಾಂಪೂ, ಉಗುರುಬೆಚ್ಚಗಿನ ನೀರು. ಹಚ್ಚುವ ಮೊದಲು ಕೂದಲಿನಲ್ಲಿ ಎಣ್ಣೆಯ ಪಸೆ ಇರಲೇಬಾರದು. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಂದೆರಡು ವಾರದೊಳಗೆ ಇಂಡಿಗೋವನ್ನು ಮಾತ್ರ ಇನ್ನೊಮ್ಮೆ ಹಚ್ಚುವುದು. ಎರಡನೆಯ ಸಲದ ಕಪ್ಪು ಮೊದಲನೆಯದಕ್ಕಿಂತ ಎಷ್ಟೋ ಹೆಚ್ಚು ಸ್ನಾನಗಳನ್ನು ತಾಳುತ್ತದೆ.

ಬಣ್ಣ ಕೂಡುತ್ತಾ ಹೋಗುವುದು ಯಾವಾಗಲೂ ಒಳ್ಳೆಯದೆಂದಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಹೊಸದಾಗಿ ಬಣ್ಣ ಬೇಕಾದದ್ದು ಬುಡದ ಅಷ್ಟು ಭಾಗಕ್ಕೆ ಮಾತ್ರ. ಪ್ರತಿ ಸಲವೂ ತುದಿಯವರೆಗೆ ಬಳಿದರೆ ತುದಿಗಳು ಹೊಳಪಿಲ್ಲದ ಕಗ್ಗಪ್ಪಾಗಿ, ಬುಡ ಕೆಂಗಂದಾಗಿ, ಒಂದೇ ತಲೆಯಲ್ಲಿ ಎರಡು ಬಣ್ಣ ಕಾಣುತ್ತದೆ. ಹಾಗೆ ಕೂಡಿದ್ದನ್ನು ತೆಗೆಯುವುದೂ ಕಷ್ಟ. ಬ್ಲೀಚ್ ಮಾಡಿದರೆ ಇಂಡಿಗೋ ಇರುವ ಕೂದಲು ಹಸಿರು ಛಾಯೆಗೆ ತಿರುಗಬಹುದು.

ಪೊಟ್ಟಣದ ಹಿಂಬದಿಯನ್ನು ಓದದೆ ಕೊಳ್ಳಬೇಡಿ. ಬರೀ ಮದರಂಗಿ ಕೂದಲನ್ನು ಕಪ್ಪು ಮಾಡುವುದಿಲ್ಲ. ಒಂದೇ ಸಲಕ್ಕೆ, ಅರ್ಧ ಗಂಟೆಯಲ್ಲಿ ಕಪ್ಪು ಮಾಡುವ ‘ಕಪ್ಪು ಮೆಹೆಂದಿ’ಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುವುದು ಸಾಮಾನ್ಯ. ಅದರ ಬಣ್ಣ ಸ್ನಾನಗಳನ್ನು ಚೆನ್ನಾಗಿಯೇ ತಾಳುತ್ತದೆ, ಆದರೆ ಕೆಲವರಿಗೆ ಚರ್ಮದಲ್ಲಿ ತೀವ್ರ ಅಲರ್ಜಿ ತರುತ್ತದೆ. ಯಾವ ಪುಡಿಯೇ ಆಗಲಿ, ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾದು ನೋಡುವುದು ಕ್ಷೇಮ.

ಒಟ್ಟಿನಲ್ಲಿ ಐದರಲ್ಲಿ ಮದರಂಗಿಗೆ ಐದು, ಇಂಡಿಗೋವಿಗೆ ಮೂರು. ಹೊಸ ತಯಾರಿಕೆಯ ಪುಡಿ ಕೊಳ್ಳುವವರು ಮೊದಲು ಚಿಕ್ಕ ಪೊಟ್ಟಣ ತನ್ನಿ. ಬಾಚಣಿಗೆಯಲ್ಲಿ ಸಿಕ್ಕ ಬಿಳಿ ಕೂದಲನ್ನು ಕೂಡಿಸಿ ದಾರದಿಂದ ಕಟ್ಟಿ, ಅದಕ್ಕೆ ಬಣ್ಣ ಹಾಕಿ, ನೀವು ಬಳಸುವ ಶಾಂಪೂವಿನಲ್ಲೇ ನಾಲ್ಕೈದು ಸಲ ತೊಳೆದು ಬಿಸಿಲಿನಲ್ಲಿ ಹಿಡಿದು ನೋಡಿ. ಅದು ಒಪ್ಪಿಗೆಯಾದರೆ ದೊಡ್ಡ ಪೊಟ್ಟಣಕ್ಕೆ ಹೋಗಬಹುದು.