ತು ಬಿಶ್ವಾತ್ ಹಣ್ಣಿಗೆ ರಾಮ್ಲಾ ಮಾರ್ಕೆಟಿಗೇ ಹೋಗಿ, ರೆಡಿ ತಟ್ಟೆ ತಗೋಬೇಡಿ

ಇಸ್ರೇಲಲ್ಲಿ ಕೇರ್‌ಗಿವರ್ ಕೆಲಸಕ್ಕೆ ಬಂದಿರೋ ನಮ್ಮ ಮಂಗಳೂರು ಉಡುಪಿ ಕಡೆಯವರಿಗೆ ಅಂತ ಬರೀತಿದ್ದೇನೆ, ಯಾಕಂದ್ರೆ ಚಳಿಗಾಲದಲ್ಲಿ ಯಹೂದಿಗಳ ತು ಬಿಶ್ವಾತ್ ಹಬ್ಬ ಬಂದಾಗ ಮನೆಯ ಅಜ್ಜ ಅಜ್ಜಿ ಹಣ್ಣು ತರೋಕೆ ಕಳಿಸೋದು ನಮ್ಮನ್ನೇ. ನಾನಿರೋದು ರಾಮ್ಲಾದಲ್ಲಿ, ನಾನು ನೋಡ್ಕೊಳ್ಳೋ ಅಜ್ಜಿ ಬೆನೆ ಇಸ್ರೇಲ್, ಅಂದ್ರೆ ನಮ್ಮ ಕೊಂಕಣ ಕರಾವಳಿಯಿಂದ ಹೋದ ಯಹೂದಿಗಳು, ಈಗಲೂ ಮರಾಠಿ ಮಾತಾಡ್ತಾರೆ.

ಹಬ್ಬದ ವಿಷಯ ಸ್ವಲ್ಪ ಹೇಳ್ತೇನೆ, ಇಲ್ಲಾಂದ್ರೆ ಏನು ತಗೋಬೇಕು ಅಂತ ಗೊತ್ತಾಗಲ್ಲ. ಅವರ ಶೆವಾತ್ ತಿಂಗಳ 15ನೇ ದಿನ, ಹುಣ್ಣಿಮೆ, ಮರಗಳಿಗೆ ಹೊಸ ವರ್ಷ. 2025ರಲ್ಲಿ ಫೆಬ್ರವರಿ 13ಕ್ಕೆ, 2026ರಲ್ಲಿ ಫೆಬ್ರವರಿ 2ಕ್ಕೆ, ಹಿಂದಿನ ದಿನ ಸಂಜೆಯಿಂದಲೇ ಶುರು. ರಜೆ ಇಲ್ಲ, ದೊಡ್ಡ ಪೂಜೆ ಪ್ರಾರ್ಥನೆ ಇಲ್ಲ, ಹಣ್ಣು ತಿನ್ನೋದು, ಮಕ್ಕಳು ಶಾಲೆಯಿಂದ ಗಿಡ ನೆಡೋಕೆ ಹೋಗೋದು ಅಷ್ಟೇ. ಹಿಂದೆ ಇದು ಲೆಕ್ಕದ ದಿನವಾಗಿತ್ತು, ಹಣ್ಣಿನ ಬೆಳೆಯಲ್ಲಿ ಹತ್ತನೇ ಒಂದು ಪಾಲು ತೆಗೆದಿಡಬೇಕಲ್ಲ, ಯಾವ ಮರದ ಫಲ ಯಾವ ವರ್ಷದ ಲೆಕ್ಕಕ್ಕೆ ಅಂತ ಈ ದಿನದ ಮೇಲೆ ತೀರ್ಮಾನ ಆಗ್ತಿತ್ತು. ನಮ್ಮ ಅಜ್ಜಿಗೆ ಅದು ಹಳೇ ಕಥೆ ಅಲ್ಲ, ಅಂಗಡಿಯಲ್ಲಿ ಕೋಶರ್, ಅಂದ್ರೆ ಯಹೂದಿ ಆಹಾರ ನಿಯಮಕ್ಕೆ ಸರಿ ಇದೆ ಅನ್ನೋ ಸರ್ಟಿಫಿಕೇಟ್ ತೂಗುಹಾಕಿದ್ದಾರಾ, ಆ ಪಾಲು ತೆಗೆದಿದ್ದಾರಾ ಅಂತ ಕೇಳಿಯೇ ತರಬೇಕು, ನೀವೂ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಈಗ ಮಾರ್ಕೆಟ್. ಹಬ್ಬ ಹತ್ತಿರ ಬಂದ್ರೆ ಒಣಹಣ್ಣಿನ ಅಂಗಡಿಯವರು ಸಾಮಾನೆಲ್ಲ ಹೊರಗೇ ಗುಡ್ಡೆ ಹಾಕಿರ್ತಾರೆ, ಖರ್ಜೂರ ಅಂಜೂರ ಏಪ್ರಿಕಾಟ್ ಒಣದ್ರಾಕ್ಷಿ ಬಾದಾಮಿ ಅಕ್ರೋಟು, ಯಾವುದು ಬೇಕಾದ್ರೂ ಒಂದು ಎತ್ತಿ ಕೈಗೆ ಕೊಟ್ಟು ತಿಂದು ನೋಡು ಅಂತಾರೆ. ನಂಗೆ ಈ ಮಾರ್ಕೆಟ್ ಇಷ್ಟ ಆಗೋದೇ ಇದಕ್ಕೆ. ಮೆಡ್ಜೂಲ್ ಖರ್ಜೂರ ನಾನು ತಂದಾಗ ಕಿಲೋಗೆ 30 ಶೆಕೆಲ್ ಆಸುಪಾಸು ಇತ್ತು, ಹೆಬ್ಬೆರಳಿಗಿಂತ ದಪ್ಪ, ಒತ್ತಿದ್ರೆ ಮೆತ್ತಗೆ ಒಳಗೆ ಹೋಗ್ಬೇಕು, ಸಿಪ್ಪೆ ಬಿಟ್ಕೊಂಡು ಗುಳ್ಳೆ ಎದ್ದಿದ್ರೆ ಬೇಡ ಅನ್ನಿ. ಏಪ್ರಿಕಾಟ್ ಎರಡು ತರ ಉಂಟು, ಪಳಪಳ ಕಿತ್ತಳೆ ಬಣ್ಣದ್ದಕ್ಕೆ ಗಂಧಕದ ಹೊಗೆ ಕೊಟ್ಟಿರ್ತಾರೆ, ಕಂದು ಬಣ್ಣದ್ದು ನೋಡೋಕೆ ಚಂದ ಇಲ್ಲ ಆದ್ರೆ ರುಚಿ ಅದೇ ಜಾಸ್ತಿ, ನಂಗಂತೂ ಅದೇ ಬೇಕು. ಕ್ಯಾರೊಬ್ ಅಂತ ಹುಣಸೆಹಣ್ಣಿನ ತರ ಉದ್ದ ಕಪ್ಪು ಕೋಡು ಸಿಗುತ್ತೆ, ಗಟ್ಟಿ, ಹಲ್ಲು ಸರಿ ಇಲ್ಲದ ಅಜ್ಜಂದಿರಿಗೆ ಕೊಡೋಕೆ ಹೋಗ್ಬೇಡಿ. ಹಿಂದೆ ಯುರೋಪಿನ ಚಳಿಯಲ್ಲಿ ಇದ್ದ ಯಹೂದಿಗಳಿಗೆ ಈ ದಿನ ತಾಜಾ ಹಣ್ಣು ಎಲ್ಲಿ ಸಿಗಬೇಕು, ಕೆಡದೆ ದೂರದಿಂದ ಬರ್ತಿದ್ದದ್ದು ಈ ಕೋಡು ಮತ್ತೆ ಒಣ ಅಂಜೂರ, ಹಾಗಾಗಿ ಒಣಹಣ್ಣಿನ ಅಭ್ಯಾಸ ಉಳ್ಕೊಂಡಿದೆ.

ಆದ್ರೆ ಇಲ್ಲಿ ಆಗ ಕಿತ್ತಳೆ, ಚಕ್ಕೋತ, ಸ್ಟ್ರಾಬೆರಿ ಎಲ್ಲ ಸೀಸನ್ನು, ಅದನ್ನ ಬಿಟ್ಟು ಬರೀ ಒಣಗಿದ್ದು ಯಾಕೆ ತಿನ್ನೋದು? ಅರ್ಧ ತಾಜಾ ಅರ್ಧ ಒಣ ತಗೊಳ್ಳಿ.

ಒಂದು ವರ್ಷ ಸೂಪರ್‌ಮಾರ್ಕೆಟಿಂದ ಹಬ್ಬದ ರೆಡಿ ತಟ್ಟೆ ಬಂದಿತ್ತು, ಪ್ಲಾಸ್ಟಿಕ್ ಸುತ್ತಿದ್ದು. ಮೇಲೆ ನಾಲ್ಕು ಖರ್ಜೂರ, ಉಳಿದದ್ದೆಲ್ಲ ಸಕ್ಕರೆ ಪಾಕದಲ್ಲಿ ಅದ್ದಿದ ಅನಾನಸ್, ಪಪ್ಪಾಯಿ, ಹಸಿರು ಕೆಂಪು ಬಣ್ಣ ಹಾಕಿದ ತುಂಡುಗಳು. ಶುಗರ್ ಇರೋ ಅಜ್ಜಿಗೆ ಅದನ್ನ ಹೇಗೆ ಕೊಡೋದು ಹೇಳಿ, ನನಗೆ ನಿಜವಾಗ್ಲೂ ಸಿಟ್ಟು ಬಂತು, ಮಾರ್ಕೆಟಲ್ಲಿ ಅದೇ ದುಡ್ಡಿಗೆ ಅದರ ಎರಡರಷ್ಟು ಒಳ್ಳೇ ಹಣ್ಣು ಬರುತ್ತೆ.

ನಮ್ಮ ಅಜ್ಜಿ ಮನೇಲಿ ಹಬ್ಬ ಅಂದ್ರೆ ಮಲಿದಾ. ಅವಲಕ್ಕಿ ತೊಳೆದು, ತೆಂಗಿನತುರಿ ಸಕ್ಕರೆ ಏಲಕ್ಕಿ ಕಲಸಿ, ದ್ರಾಕ್ಷಿ ಬಾದಾಮಿ ಹಾಕಿ ದೊಡ್ಡ ತಟ್ಟೇಲಿ ಗುಡ್ಡೆ ಮಾಡಿ ಸುತ್ತ ಹಣ್ಣು ಜೋಡಿಸಿ ಪ್ರವಾದಿ ಎಲಿಯಾಹುವಿನ ಹಾಡು ಹೇಳ್ತಾರೆ. ಅಲಿಬಾಗ್ ಹತ್ತಿರ ಒಂದು ಬಂಡೆ ಮೇಲೆ ಅವನ ರಥದ ಗುರುತು ಉಂಟು ಅಂತ ಅವರ ನಂಬಿಕೆ. ಅವಲಕ್ಕಿ, ತೆಂಗಿನಕಾಯಿ, ಏಲಕ್ಕಿ ಎಲ್ಲ ರಾಮ್ಲಾದ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತೆ, ತೆಳು ಅವಲಕ್ಕಿ ತರಬೇಡಿ ಮಾರಾಯ್ರೆ, ತೊಳೆದ್ರೆ ಮುದ್ದೆ ಆಗುತ್ತೆ, ದಪ್ಪದ್ದೇ ಕೇಳಿ. ಬಾಳೆಹಣ್ಣೂ ಇಡ್ತಾರೆ, ಆದ್ರೆ ಬಾಳೆ ಅವರ ಪ್ರಕಾರ ಮರ ಅಲ್ಲ, ಅದಕ್ಕೆ ನೆಲದ ಬೆಳೆಯ ಆಶೀರ್ವಾದ ಬೇರೆ ಹೇಳಿ ತಿನ್ನೋದು. ಸ್ಟ್ರಾಬೆರಿಗೂ ಹಾಗೇ.

ಅಜ್ಜಿಯ ಸೊಸೆ ಮೊರಾಕ್ಕೊ ಕಡೆಯವರು, ಅವರಲ್ಲಿ ನಾಲ್ಕು ಲೋಟ ವೈನ್, ಮೊದಲು ಬಿಳಿ, ಆಮೇಲೆ ಸ್ವಲ್ಪ ಸ್ವಲ್ಪ ಕೆಂಪು ಬೆರೆಸ್ತಾ ಹೋಗಿ ಕೊನೆಗೆ ಕೆಂಪು, ಮಧ್ಯ ಮಧ್ಯ ಹಣ್ಣು. ಅಂಥ ಮನೆಗಾದ್ರೆ ಮೂರು ಬಗೆ ತಪ್ಪದೆ ತಗೊಳ್ಳಿ, ಹೊರಗೆ ಸಿಪ್ಪೆ ತೆಗೆಯೋ ಬಾದಾಮಿ ಕಿತ್ತಳೆ ತರದ್ದು, ಒಳಗೆ ಬೀಜ ಇರೋ ಖರ್ಜೂರ ಆಲಿವ್ ತರದ್ದು, ಪೂರ್ತಿ ತಿನ್ನೋ ಅಂಜೂರ ದ್ರಾಕ್ಷಿ ತರದ್ದು. ದಾಳಿಂಬೆ ಆಗ ಸೀಸನ್ ಮುಗಿದಿರುತ್ತೆ, ಸಿಕ್ಕಿದ್ರೂ ಒಣಗಲು.

ಮನೆಗೆ ತಂದ ಮೇಲೆ ಅಂಜೂರನ ಹಾಗೇ ತಟ್ಟೆಗೆ ಇಡಬೇಡಿ. ಒಂದೊಂದನ್ನೂ ಬಿಡಿಸಿ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಬೇಕು, ಬೀಜದ ಮಧ್ಯ ಸಣ್ಣ ಬಿಳಿ ಹುಳ ಇರುತ್ತೆ ಕೆಲವೊಮ್ಮೆ, ಹುಳ ತಿಂದ್ರೆ ಅವರಿಗೆ ಕೋಶರ್ ಆಗಲ್ಲ. ಖರ್ಜೂರನೂ ಉದ್ದಕ್ಕೆ ಸೀಳಿ ನೋಡಿ. ಇನ್ನು ಬುಧವಾರ ಮಾರ್ಕೆಟಲ್ಲಿ ಸಿಕ್ಕಾಪಟ್ಟೆ ರಶ್ಶು, ವೀಲ್‌ಚೇರ್ ತಳ್ಕೊಂಡು ಹೋಗೋಕೆ ಆಗೋದೇ ಇಲ್ಲ, ಶುಕ್ರವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕೋಕೆ ಶುರು ಮಾಡ್ತಾರೆ, ಅಜ್ಜಿನ ಕರ್ಕೊಂಡು ಹೋಗೋದಾದ್ರೆ ಸೋಮವಾರ ಮಂಗಳವಾರ ಬೆಳಿಗ್ಗೆನೇ ಹೋಗಿ, ಆರಿಸೋದು ಅವರೇ ಆರಿಸ್ಲಿ.