ಬುಲೆಟ್ ನಾಲ್ಕು ಗೇರ್ ಬಾಕ್ಸ್: ಗುಜರಿ ಗೇರಾ ಹೊಸ ಗೇರಾ, ಒಳಗೆ ಗ್ರೀಸಾ ಎಣ್ಣೆನಾ

ಬಲಗಾಲಲ್ಲಿ ಗೇರ್ ಹಾಕೋ ಹಳೇ ಬುಲೆಟ್ 350, ಒಂದು ಮೇಲೆ ಮೂರು ಕೆಳಗೆ, ಒಳಗಿರೋದು ಆಲ್ಬಿಯನ್ ಅನ್ನೋ ಮಾದರಿಯ ಗೇರ್ ಬಾಕ್ಸ್. ಏರಲ್ಲಿ ಸೆಕೆಂಡ್ ಗೇರ್ ಟಕ್ ಅಂತ ಬಿಟ್ಕೊಳೋದು ಇದರ ಮಾಮೂಲಿ ಕಾಯಿಲೆ, ಏನ್ ಮಾಡ್ಬೇಕು ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನನ್ನ ಗಾಡಿಗೆ ಒಂದು ದಾರಿ, ನಮ್ ಭಾವನ ಗಾಡಿಗೆ ಇನ್ನೊಂದು ದಾರಿ ಹಿಡಿದು ಎರಡನ್ನೂ ಓಡಿಸಿ ನೋಡಿದೀನಿ, ಅದಕ್ಕೆ ಬರೀತಿರೋದು.

ಬಿಚ್ಚೋಕ್ ಮುಂಚೆ ಒಂದ್ ಮಾತು. ಬರೀ ಫಾಲ್ಸ್ ನ್ಯೂಟ್ರಲ್ (ಎರಡು ಗೇರ್ ಮಧ್ಯೆ ಯಾವ ಗೇರೂ ಬೀಳದೆ ನಿಲ್ಲೋದು) ಸಿಗ್ತಿದ್ರೆ ಪಾರ್ಟ್ಸ್ ತರಕ್ಕೆ ಓಡ್ಬೇಡಿ, ಪೆಡಲ್ ಒತ್ತಿದಾಗ ಒಂದೊಂದೇ ಗೇರ್ ಸರಿಸೋ ರ್‍ಯಾಚೆಟ್ ಹತ್ರ ಇರೋ ಸ್ಟಾಪ್ ಪ್ಲೇಟ್ ಸಡಿಲ ಮಾಡಿ ಒಂಚೂರು ಆಕಡೆ ಈಕಡೆ ಸರಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಮುಗಿಯತ್ತೆ. ಬಿಚ್ಚಲೇಬೇಕು ಅಂದ್ರೂ ಇಂಜಿನ್ ಇಳಿಸೋ ಗೋಜಿಲ್ಲ, ಎಡಗಡೆ ಪ್ರೈಮರಿ ಕೇಸು, ಕ್ಲಚ್ಚು ತೆಗೆದು ಬಲಗಡೆ ಎರಡು ಕವರ್ ಬಿಚ್ಚಿದ್ರೆ ಶಾಫ್ಟು ಗೇರು ಎಲ್ಲಾ ಕೈಗೆ ಬರತ್ತೆ, ಮನೆ ಶೆಡ್ಡಲ್ಲೇ ಆಗೋ ಕೆಲಸ.

ಭಾವನ ಗಾಡಿಗೆ ಹೊಸ ಸೆಟ್ ಹಾಕಿದ್ವಿ. ಬೆಂಗಳೂರಿನ ಜೆಸಿ ರೋಡಲ್ಲಿ ತಂದಿದ್ದು, ಕಂಪನಿದಲ್ಲ, ಲೋಕಲ್. ನೋಡಕ್ಕೆ ಥಳಥಳ. ಆದ್ರೆ ಹಲ್ಲಿನ ಅಂಚಿಗೆ ಫೈಲ್ (ಅರ) ಇಟ್ಟು ಎಳೆದ್ರೆ ಸ್ವಲ್ಪ ಕಚ್ಚತ್ತೆ, ಅಂದ್ರೆ ಹಾರ್ಡನಿಂಗ್ ಸಾಲದು. ಫೈಲ್ ಜಾರಿ ಹೋಗ್ಬೇಕು. ಮೊದಮೊದಲು ಚೆನ್ನಾಗೇ ಓಡ್ತು, ಆಮೇಲೆ ಮೂರನೇ ಗೇರಲ್ಲಿ ಗುಂಯ್ ಅಂತ ಶುರು ಆಯ್ತು, ಬಿಚ್ಚಿ ನೋಡಿದ್ರೆ ಡಾಗ್ (ಗೇರಿನ ಪಕ್ಕದಲ್ಲಿದ್ದು ಇನ್ನೊಂದು ಗೇರಿಗೆ ಕಚ್ಕೊಳೋ ದಪ್ಪ ಹಲ್ಲು) ಮೂಲೆಗಳು ಆಗ್ಲೇ ದುಂಡಗಾಗಿವೆ.

ನನ್ನದಕ್ಕೆ ಶಿವಾಜಿನಗರ ಗುಜರೀಲಿ ಹುಡುಕಿ ತಂದ ಹಳೇ ಒರಿಜಿನಲ್ ಗೇರು, ಬೆಲೆ ಹೊಸದರ ಅರ್ಧಕ್ಕಿಂತ ಕಮ್ಮಿ. 1955ರಲ್ಲಿ ಮದ್ರಾಸಲ್ಲಿ ಬುಲೆಟ್ ಶುರು ಆದ್ಮೇಲೆ ದಶಕಗಟ್ಟಲೆ ಇದೇ ನಾಲ್ಕು ಗೇರ್ ಬಾಕ್ಸ್ ನಡೆದಿದ್ರಿಂದ ಹಳೇ ಮಾಲಿಗೆ ಬರ ಇಲ್ಲ, ಆದ್ರೆ ಆರಿಸಕ್ಕೆ ತಾಳ್ಮೆ ಬೇಕು. ಹಲ್ಲು ಸ್ವಲ್ಪ ಸವೆದಿದ್ರೂ ಪರವಾಗಿಲ್ಲ, ಡಾಗ್ ಮೂಲೆ ಚೂಪಾಗಿರ್ಬೇಕು, ಹಲ್ಲಿನ ಮೇಲೆ ಗುಳಿ ಬಿದ್ದಿದ್ರೆ ಅಲ್ಲೇ ಬಿಟ್ಟು ಬನ್ನಿ. ಸದ್ದು ಸ್ವಲ್ಪ ಇದೆ, ಗೇರ್ ಮಾತ್ರ ಹಾರಲ್ಲ. ನನ್ನ ಓಟು ಇದಕ್ಕೇ.

ಆದ್ರೆ ಯಾವ ಗೇರ್ ಹಾಕಿದ್ರೂ ಬುಷ್ (ಶಾಫ್ಟ್ ಒಳಗೆ ತಿರುಗೋ ಲೋಹದ ಬಳೆ) ಮಾತ್ರ ಹೊಸದೇ ಆಗ್ಬೇಕು, ಗುಜರಿ ಬುಷ್ ಮುಟ್ಲೇಬೇಡಿ. ಶಾಫ್ಟ್ ಒಳಗೆ ಹಾದುಹೋಗೋ ಸ್ಲೀವ್ ಗೇರ್ ಒಳಗಿನ ಕಂಚಿನ ಬುಷ್ ಸವೆದ್ರೆ ಶಾಫ್ಟ್ ಆಡತ್ತೆ, ಶಾಫ್ಟ್ ಆಡಿದ್ರೆ ಗೇರು ಪೂರ್ತಿ ಕೂರಲ್ಲ, ಅದರ ಜೊತೆಗೆ ಎಣ್ಣೇನೂ ಚೈನಿನ ಸ್ಪ್ರಾಕೆಟ್ ಕಡೆ ಸೋರತ್ತೆ. ಹೊಸ ಬುಷ್ ಪ್ರೆಸ್ ಮಾಡಿದಾಗ ತೂತು ಕಿರಿದಾಗತ್ತೆ, ಲೇತಲ್ಲಿ ರೀಮರ್ ಆಡಿಸಿ ಶಾಫ್ಟಿಗೆ ಸೈಜ್ ಮಾಡಿಸ್ಬೇಕು, ಇದೊಂದು ಮನೇಲಿ ಆಗಲ್ಲ. ಗೇರನ್ನ ಪಕ್ಕಕ್ಕೆ ಸರಿಸೋ ಸೆಲೆಕ್ಟರ್ ಫೋರ್ಕ್ ತುದೀನೂ ನೋಡ್ಕೊಳಿ, ಅದು ತೆಳ್ಳಗಾಗಿದ್ರೆ ಹೊಸ ಗೇರೂ ಹಾರತ್ತೆ.

ಇನ್ನು ಒಳಗೆ ಏನ್ ತುಂಬೋದು. ಹಳಬರು ಗ್ರೀಸ್ ಅಂತಾರೆ, ಸರೀನೇ, ಆದ್ರೆ ಅವ್ರು ಹೇಳೋದು ನೀರು ನೀರಾಗಿರೋ ಗ್ರೀಸು. ವೀಲ್ ಬೇರಿಂಗಿಗೆ ಹಾಕೋ ಗಟ್ಟಿ ಗ್ರೀಸ್ ತುಂಬಿದ್ರೆ ಗೇರು ಅದರಲ್ಲಿ ದಾರಿ ಕೊರ್ಕೊಂಡು ಒಣಗಿದ ಹಾಗೇ ತಿರುಗತ್ತೆ, ಗ್ರೀಸ್ ಗೋಡೆಗೆ ಮೆತ್ಕೊಂಡು ಕೂತಿರತ್ತೆ, ಮುದ್ದೆ ಪಾತ್ರೆಗೆ ಅಂಟ್ಕೊಂಡ ಹಾಗೆ. ಬರೀ ಇಪಿ 90 ಗೇರ್ ಆಯಿಲ್ ಹಾಕಿದಾಗ ಗೇರ್ ಬೀಳೋದು ಬೆಣ್ಣೆ, ಆದ್ರೆ ಬೆಳಿಗ್ಗೆ ಎದ್ರೆ ಸ್ಟ್ಯಾಂಡ್ ಕೆಳಗೆ ಕಲೆ. ಕೊನೆಗೆ ನಿಂತಿದ್ದು 00 ಗ್ರೇಡಿನ ತೆಳು ಗ್ರೀಸಿಗೆ ಇಪಿ 90 ಬೆರೆಸಿದ್ದು, ಸೋರಿಕೆ ಹೆಚ್ಚುಕಮ್ಮಿ ನಿಂತಿದೆ, ಚಳೀಲಿ ಮೊದಲ ಐದು ನಿಮಿಷ ಗೇರು ಸ್ವಲ್ಪ ಬಿಗಿ ಅಷ್ಟೇ. ಎಣ್ಣೆ ತಗೊಳೋವಾಗ ಡಬ್ಬದ ಮೇಲೆ ಜಿಎಲ್ 4 ಅನ್ನೋ ದರ್ಜೆ ನೋಡಿ ತಗೊಳಿ, ಜಿಎಲ್ 5ರಲ್ಲಿರೋ ಗಂಧಕದ ಅಂಶ ಕಂಚಿಗೆ ಅಷ್ಟು ಒಳ್ಳೇದಲ್ಲ.

ಐದು ಗೇರ್ ಬಾಕ್ಸನ್ನೇ ಕೂರಿಸೋ ದಾರೀನೂ ಇದೆ, ಫ್ರೆಂಡ್ ಹಾಕ್ಸಿದಾನೆ, ಓಡಿಸ್ದೆ, ನಯವಾಗಿದೆ. ಖರ್ಚು ಜಾಸ್ತಿ, ಮತ್ತೆ ಹಳೇ ಗಾಡಿ ಹಳೇ ಥರಾನೇ ಇರ್ಲಿ ಅನ್ನೋ ನನ್ನಂಥೋರಿಗೆ ಅಲ್ಲ.

ನಮ್ಮ ಮೈಸೂರಿನ ಹಳೇ ಯೆಜ್ಡಿ ಜಾವಾ ಇಟ್ಕೊಂಡಿರೋರು ಈ ಗ್ರೀಸ್ ಬೆರಕೆ ಕಾಪಿ ಮಾಡ್ಬೇಡಿ. ಬುಲೆಟಲ್ಲಿ ಕ್ಲಚ್ ಬೇರೆ ಕೇಸು, ನಿಮ್ಮದರಲ್ಲಿ ಗೇರಿಗೂ ಕ್ಲಚ್ಚಿಗೂ ಒಂದೇ ಎಣ್ಣೆ, ಗ್ರೀಸ್ ಹೋದ್ರೆ ಕ್ಲಚ್ ಪ್ಲೇಟ್ ಅಂಟ್ಕೊಂಡು ಬಿಡೋದೇ ಇಲ್ಲ.