ಹೆರಿಗೆ ವಾರ್ಡಿಗೆ ಒಬ್ಬ ಟೈಲರ್ ಬರೆದ ರಿವ್ಯೂ

ಮೊದಲು ನನ್ನ ಕಣ್ಣಿಗೆ ಬಿದ್ದಿದ್ದು ಒಂದು ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ತಕ್ಷಣ ಸಿಸ್ಟರ್ ಅದನ್ನ ನನ್ನ ತಂಗಿಯ ಸೊಂಟದ ಕೆಳಗೆ ಹಾಸಿದರು. ಕೆಳತುದಿಯಲ್ಲಿ ಇಳಿಬಿದ್ದ ಚೀಲ, ಚೀಲದ ಮೇಲೆ ಗೆರೆಗಳು, ಗೆರೆಗಳ ಪಕ್ಕ ಅಂಕಿ. ನಾನು ದಾವಣಗೆರೆ ನಿಟ್ಟುವಳ್ಳಿಯಲ್ಲಿ ಬ್ಲೌಸ್ ಹೊಲಿಯುವವಳು. ಗೆರೆ, ಅಂಕಿ ಕಂಡರೆ ಕಣ್ಣು ತಾನಾಗಿ ಅತ್ತ ಹೋಗುತ್ತೆ. ಅಂಥ ಹೊತ್ತಲ್ಲೂ ಅದರ ಅಂಚು ನೋಡಿದೆ. ದಾರ ಇರಲಿಲ್ಲ, ಬಿಸಿ ಮಾಡಿ ಅಂಟಿಸಿದ್ದರು.

ಬೆಣ್ಣೆ ದೋಸೆಗೆ ನಮ್ಮೂರಲ್ಲಿ ಲೆಕ್ಕವಿಲ್ಲದಷ್ಟು ರಿವ್ಯೂ ಇವೆ. ಹೆರಿಗೆ ವಾರ್ಡಿಗೆ ಯಾರೂ ಬರೆಯಲ್ಲ. ಮಗು ಕೈಗೆ ಬಂದ ಮೇಲೆ ಎಲ್ಲ ಮರೆತುಹೋಗುತ್ತೆ, ಅಲ್ವಾ? ಅದಕ್ಕೇ ಮರೆಯುವ ಮುಂಚೆ ಬರೆಯುತ್ತಿದ್ದೇನೆ. ಸರ್ಕಾರಿ ಆಸ್ಪತ್ರೆ ಅಂತ ಮಾತ್ರ ಹೇಳುತ್ತೇನೆ, ಹೆಸರು ಹಾಕಲ್ಲ. ಹಾಕಿದರೆ ಬೈಗುಳ ಬೀಳುವುದು ಒಳ್ಳೆ ಸಿಸ್ಟರ್‌ಗಳಿಗೇ ಅಂತ ನನಗೆ ಗೊತ್ತು.

ನಮ್ಮ ತವರು ದಾವಣಗೆರೆ-ಚಿತ್ರದುರ್ಗ ಗಡಿಯಲ್ಲಿರುವ ಒಂದು ಹಳ್ಳಿ. ಹೋದ ಶ್ರಾವಣದಲ್ಲಿ ತಂಗಿ ಹೆರಿಗೆಗೆ ಅಂತ ಅಲ್ಲಿಗೆ ಬಂದಿದ್ದಳು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.6. ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಮಲ ಕಪ್ಪಗೆ ಆಗುತ್ತೆ, ಹೊಟ್ಟೆ ತೊಳಸುತ್ತೆ ಅಂತ ಅರ್ಧಕ್ಕೇ ಬಿಟ್ಟಿದ್ದಳು. ಆ ಮಾತ್ರೆ ಹಾಳೆಗಳು ಆಮೇಲೆ ಅವಳ ಬ್ಯಾಗಿನಲ್ಲಿ ಸಿಕ್ಕವು.

ರಾತ್ರಿ ಒಂದೂವರೆಗೆ ನೋವು ಬಂತು. 108ಕ್ಕೆ ಫೋನ್ ಮಾಡಿದೆ. ನಮ್ಮ ರಾಜ್ಯಕ್ಕೆ ಈ ಆಂಬುಲೆನ್ಸ್ ಬಂದಿದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅದಕ್ಕೂ ಮುಂಚೆ ನಮ್ಮ ಅವ್ವ ನನ್ನನ್ನ ಹೆರುವಾಗ ಎತ್ತಿನ ಗಾಡಿ ಕಟ್ಟಿದ್ದರಂತೆ. ಗಾಡಿ ಊರ ಬಾಗಿಲು ದಾಟುವ ಮುಂಚೆ ನಾನು ಹುಟ್ಟಿಬಿಟ್ಟೆ. ಈ ಸಲ ಇಪ್ಪತ್ತೈದು ನಿಮಿಷಕ್ಕೆ ವ್ಯಾನು ಮನೆ ಮುಂದೆ ನಿಂತಿತ್ತು. ಡ್ರೈವರ್‌ಗೆ ಅವರು ಪೈಲಟ್ ಅಂತಾರೆ. ಒಳಗಿದ್ದ ಇಎಂಟಿ, ಅಂದರೆ ದಾರಿಯಲ್ಲೇ ತುರ್ತು ಚಿಕಿತ್ಸೆ ಕೊಡುವ ಹುಡುಗ, ಬಿಪಿ ನೋಡಿದ, ಕಾರ್ಡ್ ಓದಿದ, ತಂಗಿಯನ್ನ ಎಡಮಗ್ಗುಲಿಗೆ ಮಲಗಿಸಿದ. ಒಂದು ಪೈಸೆ ಕೇಳಲಿಲ್ಲ.

ಮೊದಲು ಹೋದ ಆಸ್ಪತ್ರೆಯಲ್ಲಿ ಕಾರ್ಡ್ ನೋಡಿ "ರಕ್ತ ಕಮ್ಮಿ ಐತೆ, ಇಲ್ಲಿ ಆಗಲ್ಲ, ಮುಂದೆ ಹೋಗಿ" ಅಂತ ಬಾಗಿಲಲ್ಲೇ ಹೇಳಿದರು. ಮಾತು ಸರಿಯೇ ಇರಬಹುದು, ರಕ್ತ ಇಲ್ಲದ ಕಡೆ ಹೆರಿಗೆ ಮಾಡಿಸುವುದು ತಪ್ಪು. ಆದರೆ ಮುಂದಿನ ಆಸ್ಪತ್ರೆಗೆ ಒಂದು ಫೋನ್ ಮಾಡಬಹುದಿತ್ತು. ಆ ಫೋನ್ ಮಾಡಿದ್ದೂ ಇಎಂಟಿ ಹುಡುಗನೇ. ಹೈವೇ ಹತ್ತಿದ ಮೇಲೆ ತಂಗಿ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದರೆ ಬಳೆ ಎರಡು ಒಡೆದವು.

ಈಗ ಹೆರಿಗೆ ಕೋಣೆಗೆ ಬರುತ್ತೇನೆ. ನಾನು ಬರೆಯಲು ಕೂತಿದ್ದೇ ಇದಕ್ಕೆ.

ಒಬ್ಬ ಹೆಂಗಸು ಜೊತೆಗೆ ಇರಬಹುದು ಅಂದರು, ನಾನು ಒಳಗೆ ಹೋದೆ. ಬೆಳಗಿನ ಜಾವ ನಾಲ್ಕು ಹತ್ತಕ್ಕೆ ಹೆಣ್ಣುಮಗು ಹುಟ್ಟಿತು, ಜೋರಾಗಿ ಅತ್ತಿತು. ನಾನು ಮಗು ನೋಡುತ್ತಿದ್ದೆ, ಸಿಸ್ಟರ್ ಆ ಚೀಲ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದರಲ್ಲಿ ರಕ್ತ 300 ಮಿಲಿಲೀಟರ್ ಗೆರೆಗೆ ಬಂತು. ಸಿಸ್ಟರ್ ಇನ್ನೊಬ್ಬರನ್ನ ಕರೆದರು. ನನ್ನ ಕಣ್ಣಿಗೆ ಅಂಥದ್ದೇನೂ ಅನಿಸಿರಲಿಲ್ಲ. ಹೆರಿಗೆ ಅಂದರೆ ರಕ್ತ ಹೋಗೇ ಹೋಗುತ್ತೆ ಅಂತ ನಮ್ಮವ್ವನೂ ಹೇಳುತ್ತಿದ್ದಳು. 500 ದಾಟಿತು. ಅರ್ಧ ಲೀಟರ್ ಅಂದರೆ ನಮ್ಮನೆ ಹಾಲಿನ ಪ್ಯಾಕೆಟ್! ಅಲ್ಲಿಂದ ಮುಂದೆ ಅದು ಅಪಾಯದ ಲೆಕ್ಕವಂತೆ. ಡಾಕ್ಟರ್ ಓಡಿಬಂದರು.

ಒಬ್ಬರು ಹೊಟ್ಟೆ ಮೇಲಿಂದ ಗರ್ಭಕೋಶವನ್ನ ರೊಟ್ಟಿ ಹಿಟ್ಟು ನಾದಿದ ಹಾಗೆ ನಾದಿದರು. ಇನ್ನೊಬ್ಬರು ಫ್ರಿಜ್ಜಿನಿಂದ ಗರ್ಭಕೋಶ ಬಿಗಿಯಾಗಿಸುವ ಔಷಧಿ ಆಕ್ಸಿಟೋಸಿನ್ ತಂದು ಡ್ರಿಪ್ಪಿಗೆ ಸೇರಿಸಿದರು. ಅದನ್ನ 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಬಿಸಿಲಲ್ಲಿ ಬಿಟ್ಟರೆ ಅದರ ಶಕ್ತಿ ಹೋಗುತ್ತೆ. ಮತ್ತೊಂದು ರಕ್ತ ನಿಲ್ಲಿಸುವ ಇಂಜೆಕ್ಷನ್ ಟ್ರಾನೆಕ್ಸಾಮಿಕ್ ಆಸಿಡ್, ಹೆರಿಗೆಯಾಗಿ ಮೂರು ಗಂಟೆಯೊಳಗೆ ಕೊಡಬೇಕಾದದ್ದು. ಎಲ್ಲ ಒಟ್ಟೊಟ್ಟಿಗೇ ಆಯಿತು. ಒಂದು ಕೊಟ್ಟು ನೋಡೋಣ, ನಿಲ್ಲದಿದ್ದರೆ ಇನ್ನೊಂದು, ಅಂತ ಯಾರೂ ಕಾಯಲಿಲ್ಲ. ಚೀಲ 750ಕ್ಕೆ ನಿಂತಿತು. ಎರಡು ಬಾಟಲಿ ರಕ್ತ ಹಾಕಿದರು.

ನನ್ನ ನಾದಿನಿ ಮಗಳು ನಮ್ಮೂರಲ್ಲೇ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ. ಆಮೇಲೆ ಅವಳನ್ನ ಕೂರಿಸಿಕೊಂಡು ಆ ಚೀಲದ ಜಾತಕ ಕೇಳಿದೆ. ಅದರ ಪರೀಕ್ಷೆ ಬಹಳ ಹಿಂದೆಯೇ ನಮ್ಮ ಬೆಳಗಾವಿಯಲ್ಲೂ ಆಗಿತ್ತಂತೆ, 2006ರಲ್ಲಿ ಪ್ರಕಟ ಆಗಿದೆ. ಡಾಕ್ಟರು, ನರ್ಸುಗಳು ಬರೀ ಕಣ್ಣಲ್ಲಿ ಅಂದಾಜು ಮಾಡಿದರೆ ಚೀಲದ ಅಳತೆಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಿಮೆ ಲೆಕ್ಕ ಬರುತ್ತಿತ್ತು. ಕೇಳಿ ನನಗೇನೂ ಆಶ್ಚರ್ಯ ಆಗಲಿಲ್ಲ. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಇವತ್ತಿಗೂ ಕಣ್ಣಳತೆಯಲ್ಲಿ ಕತ್ತರಿ ಹಾಕಲ್ಲ. ಆಮೇಲೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೆಗಳಲ್ಲಿ ಪರೀಕ್ಷೆ ಮಾಡಿದರು. ಚೀಲದಲ್ಲಿ ಅಳೆದು, ಎಲ್ಲ ಚಿಕಿತ್ಸೆ ಒಟ್ಟಿಗೆ ಕೊಟ್ಟ ಕಡೆ ತೀವ್ರ ರಕ್ತಸ್ರಾವ, ಅದರಿಂದ ಬರುವ ಆಪರೇಷನ್ನು, ಸಾವು ಎಲ್ಲ ಸೇರಿ ಶೇ 60ರಷ್ಟು ಇಳಿದವು. 2023ರಲ್ಲಿ ಬಂದ ಲೆಕ್ಕ ಇದು. ಅದೇ 2023ರಲ್ಲಿ ಪ್ರಪಂಚದಲ್ಲಿ ಬಸುರಿ, ಬಾಣಂತಿಯರು ಸೇರಿ ಸುಮಾರು 2.6 ಲಕ್ಷ ಹೆಂಗಸರು ಸತ್ತರು. ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಸಾವು ದುಡ್ಡಿಲ್ಲದ ದೇಶಗಳಲ್ಲಿ. ಒಂದು ಪ್ಲಾಸ್ಟಿಕ್ ಚೀಲ ಎಷ್ಟು ಮಹಾ ಬೆಲೆ ಬಾಳುತ್ತೆ ಹೇಳಿ.

ಇನ್ನು ಬೈಗುಳದ ಭಾಗ. ಹೆರಿಗೆ ಕೋಣೆಗೆ ಐದು ಸ್ಟಾರ್ ಕೊಟ್ಟರೆ ಅದರ ಹೊರಬಾಗಿಲಿಗೆ ಒಂದು. ಬಟ್ಟೆಯಲ್ಲಿ ಸುತ್ತಿದ ಮಗು ಹಿಡಿದುಕೊಂಡು ಬಂದವರು "ಸಂತೋಷಕ್ಕೆ ಏನಾದ್ರೂ ಕೊಡ್ರಿ" ಅಂದರು. ಹೆಣ್ಣಾದರೆ 500, ಗಂಡಾದರೆ 1000, ಹೀಗೆ ಅಲ್ಲೊಂದು ಬಾಯಿಮಾತಿನ ರೇಟ್ ಇದೆ. ಕೂಸಿನ ಅಂಗಿ ಹೊಲಿಯುವ ನಾನೇ ಇಬ್ಬರಿಗೂ ಒಂದೇ ರೇಟ್ ಇಟ್ಟಿದ್ದೇನೆ! ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಉಚಿತ ಅಂತ 2011ರಿಂದಲೂ ನಿಯಮ ಇದೆ. ಗೊತ್ತಿದ್ದೂ ತಂಗಿಯ ಗಂಡ 500 ಕೊಟ್ಟ. ಒಳಗೆ ಹೆಂಡತಿ ಮಲಗಿರುವಾಗ ಯಾರು ಜಗಳ ಆಡುತ್ತಾರೆ? ಊಟ ಚೆನ್ನಾಗಿತ್ತು, ದಿನಾ ಮೊಟ್ಟೆ ಇತ್ತು. ಟಾಯ್ಲೆಟ್ ಬಗ್ಗೆ ಬರೆಯಲ್ಲ. ಡಿಸ್ಚಾರ್ಜ್ ದಿನ ಮನೆಗೆ ಬಿಡುವ ಗಾಡಿ "ಬೇರೆ ಕಡೆ ಹೋಗೈತೆ" ಅಂದರು. ನಾವೇ ಬಾಡಿಗೆ ಕಾರು ಮಾಡಿಕೊಂಡು ಬಂದೆವು.

ಮನೆಗೆ ಬಂದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಹದಿನೈದು ದಿನಕ್ಕೆ ಅವ್ವ ಫೋನ್ ಮಾಡಿದಳು. "ಇಕಿ ಉಣ್ಣವಲ್ಲಳು, ಮಗಾನ ಮುಟ್ಟವಲ್ಲಳು." ಹೋಗಿ ನೋಡಿದರೆ ತಂಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಆಶಾ ಅಕ್ಕ ತಪ್ಪದೆ ಬಂದು ಮಗುವಿನ ತೂಕ ನೋಡಿ ಹೋಗುತ್ತಿದ್ದರು. ತಾಯಿಯನ್ನ ತೂಗುವವರು ಯಾರೂ ಇರಲಿಲ್ಲ. ಬಾಣಂತಿ ಸನ್ನಿ ಅಂದರು ಒಬ್ಬರು. ದೃಷ್ಟಿ ತೆಗೆದರು. ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರೆದುಕೊಂಡು ಹೋಗಿ ಅಂದರು ಅತ್ತೆ. ಹೋಗಿ ಬಂದೆವು ಕೂಡ, ಅದರಲ್ಲಿ ನನಗೇನೂ ತಕರಾರಿಲ್ಲ. ಹೊಳೆ ದಂಡೆಯಲ್ಲಿ ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆದರೆ ಆ ರಾತ್ರಿ "ನಾನಿಲ್ಲದಿದ್ರೆ ಮಗು ಚೆನ್ನಾಗಿರುತ್ತೆ ಅಕ್ಕಾ" ಅಂದಳು. ನನಗೆ ಕೈಕಾಲು ತಣ್ಣಗಾದವು.

14416ಕ್ಕೆ ಫೋನ್ ಮಾಡಿದೆ. ಟೆಲಿ ಮನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲು ರಾತ್ರಿ ಸಿಗುತ್ತೆ, ದುಡ್ಡಿಲ್ಲ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದರು. ನಿದ್ದೆ ಹೇಗೆ, ಊಟ ಹೇಗೆ, ತನಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯಾ, ಮಗುವಿನ ಬಗ್ಗೆ ಕೆಟ್ಟ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಅಂತ ನಾನು ಹೆದರಿದ್ದೆ. ಹಾಗಾಗಲಿಲ್ಲ. ಯಾರೋ ಕೇಳಿದರಲ್ಲ ಅಂತ ತಂಗಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಅವಳನ್ನ ಒಂಟಿಯಾಗಿ ಬಿಡಬೇಡಿ, ರಾತ್ರಿ ಮಗುವನ್ನ ನೀವು ನೋಡಿಕೊಂಡು ಅವಳಿಗೆ ನಿದ್ದೆ ಮಾಡಲು ಬಿಡಿ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ತೋರಿಸಿ ಅಂದರು. ಮಾರನೇ ದಿನ ಅವರೇ ಫೋನ್ ಮಾಡಿ ವಿಚಾರಿಸಿದರು.

ಆ ಮಂಗಳವಾರದ ಕ್ಲಿನಿಕ್ಕಿಗೆ ಮನೋಚೈತನ್ಯ ಅನ್ನುತ್ತಾರೆ. ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕಿಲ್ಲ, ಸಣ್ಣ ಆಸ್ಪತ್ರೆಯಲ್ಲೂ ಔಷಧಿ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ತೋರಿಸಿಕೊಟ್ಟಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲೇ. ಜಿಂಬಾಬ್ವೆಯಲ್ಲಂತೂ ಊರ ಅಜ್ಜಿಯರಿಗೇ ತರಬೇತಿ ಕೊಟ್ಟು ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಕೂರಿಸಿದ್ದಾರಂತೆ. ಬಂದವರ ಕಷ್ಟವನ್ನ ಅವರೇ ಕೂತು ಕೇಳುತ್ತಾರೆ. ನಮ್ಮೂರ ಕಟ್ಟೆ ಮೇಲೆ ಅಜ್ಜಿಯರಿಗೇನೂ ಬರವಿಲ್ಲ. ಕೇಳುವ ತರಬೇತಿ ಮಾತ್ರ ಆಗಬೇಕು.

ಕ್ಲಿನಿಕ್ಕಿನಲ್ಲಿ ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ, ಹೋದ ಏಳು ದಿನದಲ್ಲಿ ಹೇಗಿತ್ತು ಅಂತ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಜಾಸ್ತಿ ಬಂದಷ್ಟೂ ಮನಸ್ಸಿನ ಭಾರ ಜಾಸ್ತಿ. ತಂಗಿಗೆ 19 ಬಂತು. ಡಾಕ್ಟರ್ ಆ ಅಂಕಿ ತೋರಿಸಿ "ಇದು ಸನ್ನಿ ಅಲ್ಲಮ್ಮ, ಖಿನ್ನತೆ. ವಾಸಿ ಆಗುತ್ತೆ" ಅಂದರು. ಹಾಲು ಕುಡಿಸುವಾಗಲೂ ತಗೊಳ್ಳಬಹುದಾದ ಮಾತ್ರೆ ಬರೆದರು. ಒಂದು ತಿಂಗಳಿಗೆ ಮತ್ತೆ ಅದೇ ಹಾಳೆ, ಅವತ್ತು 8. ಮಾತ್ರೆ ಇನ್ನೂ ನಡೆಯುತ್ತಿದೆ, ಪೂರ್ತಿ ಸರಿಹೋಗಿದೆ ಅಂತ ನಾನು ಹೇಳಲ್ಲ. ಅಲ್ಲಿಗೆ ಹೋಗುವವರು ಒಂಬತ್ತಕ್ಕೇ ಹೋಗಿ ಚೀಟಿ ಮಾಡಿಸಿ, ತಾಯಿ ಕಾರ್ಡ್ ತಗೊಂಡು ಹೋಗಿ, ಮಗುವನ್ನ ಹಿಡಿದುಕೊಳ್ಳಲು ಇನ್ನೊಬ್ಬರು ಜೊತೆಗಿರಲಿ.

ಮೊನ್ನೆ ಭಾನುವಾರ ಅಂಗಡಿಗೆ ಬಂದಿದ್ದಳು. ತೊಟ್ಟಿಲ ಕಾರ್ಯಕ್ಕೆ ಹೊಲಿದುಕೊಟ್ಟ ಬ್ಲೌಸ್ ತೋಳಲ್ಲಿ ಹಿಡಿಯುತ್ತೆ, ನೀನು ಅಳತೆ ತಪ್ಪಿದ್ದೀಯ ಅಂತ ಜಗಳ ತೆಗೆದಳು. ನಾನು ತಪ್ಪಿಲ್ಲ, ಈಗ ಉಣ್ಣುತ್ತಿದ್ದಾಳೆ, ಅಷ್ಟೇ. ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟುಕೊಟ್ಟೆ.